ಡರ್ಬಿ ಗೆದ್ದ ಕುದುರೆಯ ಮೊದಲ ಮರಿಗೆ ಪಾಲು ಹಾಕಬಹುದಾ?

ಹಾಕಬೇಡಿ. ನಿಮ್ಮ ಪೋಸ್ಟಿನಲ್ಲಿರುವುದು ಇಷ್ಟು: ಡರ್ಬಿಯಂಥ ದೊಡ್ಡ ರೇಸ್ ಗೆದ್ದು ಈಗಷ್ಟೇ ಸ್ಟಡ್ (ಮರಿ ಹುಟ್ಟಿಸುವ ಫಾರ್ಮ್) ಸೇರಿರುವ ಕುದುರೆ, ಅದರ ಮೊದಲ ವರ್ಷದ ಮರಿ, ಸ್ನೇಹಿತರೆಲ್ಲ ಸೇರಿ ಪಾಲು, 'ಅಪ್ಪನ ರೆಕಾರ್ಡ್ ನೋಡಿದರೆ ಗ್ಯಾರಂಟಿ' ಅನ್ನೋ ಧೈರ್ಯ. ನೀವು ಬರೆದಿರುವುದೆಲ್ಲ ನನಗೂ ಆಗಿಹೋಗಿದೆ.

ನಮ್ಮ ಮರಿಯ ಅಪ್ಪ ಬೆಂಗಳೂರಿನಲ್ಲಿ ಓಡುವಾಗ ಸ್ಟ್ಯಾಂಡಿನಲ್ಲಿ ನಿಂತು ಗಂಟಲು ಹರಿದುಕೊಂಡವರು ನಾವು. ಕೊನೆಯ 400 ಮೀಟರಿನಲ್ಲಿ ಅದು ಹೊರಗಡೆಯಿಂದ ನುಗ್ಗಿ ಬರುತ್ತಿದ್ದ ರೀತಿ ಕಂಡವರಿಗೆ ಬೇರೆ ಲೆಕ್ಕಾಚಾರ ಬೇಕು ಅನ್ನಿಸುತ್ತಿರಲಿಲ್ಲ. ಮರಿಗಳು ಮಾರಾಟಕ್ಕಿವೆ ಅಂತ ಗೊತ್ತಾದ ಕೂಡಲೇ ಫಾರ್ಮಿಗೆ ಓಡಿದೆವು. ನಮಗೆ ತೋರಿಸಿದ ಮರಿಯ ಹಣೆ ಮೇಲೆ ಅಪ್ಪನದೇ ಬಿಳಿ ಪಟ್ಟೆ, ಮೂಗಿನ ಹತ್ತಿರ ಸ್ವಲ್ಪ ಎಡಕ್ಕೆ ವಾಲಿದ್ದು ಸಹ ಹಾಗೇ. ನಮ್ಮಲ್ಲೊಬ್ಬ ಅಲ್ಲೇ ನಿಂತು ಹೆಸರಿಟ್ಟೂ ಆಯಿತು.

ಈಗ ಕ್ಯಾಟಲಾಗ್ ವಿಷಯ ಕೇಳಿ, ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಪುಟದ ಮೇಲ್ಗಡೆ ವಂಶವೃಕ್ಷ, ಅದರ ಕೆಳಗೆ ಅಪ್ಪನ ಬಗ್ಗೆ ಒಂದು ಪ್ಯಾರಾ. ಉಳಿದ ಪುಟವೆಲ್ಲ ತಾಯಿ, ತಾಯಿಯ ತಾಯಿ, ಅವಳ ತಾಯಿ: ಫಸ್ಟ್ ಡ್ಯಾಮ್, ಸೆಕೆಂಡ್ ಡ್ಯಾಮ್, ಥರ್ಡ್ ಡ್ಯಾಮ್. ಆ ಸಾಲಿನಲ್ಲಿ ದೊಡ್ಡ ರೇಸ್ ಗೆದ್ದವುಗಳ ಹೆಸರನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ, ಬ್ಲ್ಯಾಕ್ ಟೈಪ್ ಅನ್ನೋದು ಇದಕ್ಕೇ. ನಾವು ಅಪ್ಪನ ಪ್ಯಾರಾ ಓದಿ ಖುಷಿಪಟ್ಟು ಪುಟ ಮಡಚಿದೆವು. ಕೆಳಗೆ ದಪ್ಪಕ್ಷರದ ಹೆಸರು ಥರ್ಡ್ ಡ್ಯಾಮ್ ಹತ್ತಿರ ಒಂದೇ ಒಂದು ಇತ್ತು. ತಾಯಿ ತಾನೇ ಒಂದು ರೇಸೂ ಗೆದ್ದವಳಲ್ಲ. ಅವಳ ಹಿಂದಿನ ಮರಿಗಳಿಗೆ ಒಳ್ಳೊಳ್ಳೆಯ ಇಂಪೋರ್ಟೆಡ್ ಅಪ್ಪಂದಿರೇ ಇದ್ದರು, ಆದರೂ ಒಂದೂ ಕೆಳಗಿನ ಕ್ಲಾಸ್ ಬಿಟ್ಟು ಮೇಲೆ ಬಂದಿರಲಿಲ್ಲ. ಉತ್ತರ ಕೈಯಲ್ಲೇ ಅಚ್ಚಾಗಿತ್ತು, ನಾವು ಓದಲಿಲ್ಲ ಅಷ್ಟೇ. ಹೋಗಲಿ, ಮೇರ್, ಅಂದರೆ ಆ ತಾಯಿ ಕುದುರೆ, ಅಲ್ಲೇ ಬೇಲಿಯೊಳಗಿನ ಪ್ಯಾಡಕ್ಕಿನಲ್ಲಿ ನಿಂತಿತ್ತು. ಮುಂಗಾಲಿನ ಗೊರಸು ಎರಡೂ ಹೊರಕ್ಕೆ ತಿರುಗಿದ್ದವು. ಮರಿಯದೂ ಅದೇ ಕಾಲು. 'ಬೆಳೀತಾ ಸರಿಹೋಗುತ್ತೆ' ಅಂದರು, ನಾವು ತಲೆಯಾಡಿಸಿದೆವು. ನೂಲಿನಂತೆ ಸೀರೆ ಅಂತ ಹೆಣ್ಣು ನೋಡೋಕೆ ಹೋದಾಗ ತಪ್ಪದೆ ಹೇಳುವ ಜನ, ಲಕ್ಷಗಟ್ಟಲೆ ಸುರಿಯುವಾಗ ಹಣೆಪಟ್ಟೆ ನೋಡುತ್ತಾ ನಿಂತಿದ್ದೆವು.

ಮುಂದಿನದು ಬೇಗ ಮುಗಿಯುತ್ತದೆ. ಓಡೋಕೆ ಶುರುವಾದ ಮೇಲೆ ಮಂಡಿ ಊತ, ವಿಶ್ರಾಂತಿ, ಮತ್ತೆ ಊತ. ತಿಂಗಳು ತಿಂಗಳೂ ತಪ್ಪದೆ ಓಡಿ ಬಂದದ್ದು ಟ್ರೈನಿಂಗ್ ಬಿಲ್ ಮಾತ್ರ. ಕೊನೆಗೆ ಒಂದು ರೈಡಿಂಗ್ ಸ್ಕೂಲಿಗೆ ಸುಮ್ಮನೆ ಕೊಟ್ಟೆವು.

'ಚಾಂಪಿಯನ್ ಒಳ್ಳೆಯ ಸ್ಟಾಲಿಯನ್ (ಮರಿ ಹುಟ್ಟಿಸುವ ಗಂಡು ಕುದುರೆ) ಆಗುತ್ತಾ' ಅಂತ ಕೇಳಿದ್ದೀರಿ. ಈ ಪ್ರಶ್ನೆಯೇ ಸರಿ ಇಲ್ಲ. ಇಂಗ್ಲೆಂಡಿನ ಬ್ರಿಗೇಡಿಯರ್ ಜೆರಾರ್ಡ್ 18ರಲ್ಲಿ 17 ಗೆದ್ದಿತು, ಸ್ಟಡ್‌ನಲ್ಲಿ ಆ ಮಟ್ಟ ಮುಟ್ಟಲಿಲ್ಲ. ಅಮೆರಿಕದ ಸಿಗಾರ್ ಸತತ 16 ರೇಸ್ ಗೆದ್ದು ಸ್ಟಡ್‌ಗೆ ಹೋದರೆ ಒಂದು ಮೇರ್ ಕೂಡ ಗಬ್ಬವಾಗಲಿಲ್ಲ. ಡ್ಯಾಂಜಿಗ್ ಓಡಿದ್ದೇ ಮೂರು ರೇಸ್, ಸ್ಟಾಲಿಯನ್ ಆಗಿ ಜಗತ್ತನ್ನೇ ಆಳಿತು.

ಸೆಕ್ರೆಟೇರಿಯಟ್ ಕಥೆಯಂತೂ ಪ್ರತಿ ಸಿಂಡಿಕೇಟಿನವರೂ, ಅಂದರೆ ಪಾಲು ಹಾಕಿ ಕುದುರೆ ಕೊಳ್ಳುವ ಗುಂಪಿನವರೂ, ಬಾಯಿಪಾಠ ಮಾಡಬೇಕು. 1973ರಲ್ಲಿ ಅಮೆರಿಕದ ಬೆಲ್ಮಾಂಟ್ ಸ್ಟೇಕ್ಸ್ ರೇಸನ್ನು 31 ಲೆಂಗ್ತ್ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ಅಂತರದಲ್ಲಿ ಗೆದ್ದ ಕುದುರೆ. ಆ ವರ್ಷದ ಓಟ ಶುರುವಾಗುವ ಮುಂಚೆಯೇ ಅದನ್ನು 32 ಪಾಲು ಮಾಡಿ, ಪಾಲಿಗೆ 1,90,000 ಡಾಲರಿನಂತೆ ಮಾರಿದ್ದರು. ಅಪ್ಪನಂಥ ಮಗ ಹುಟ್ಟಲೇ ಇಲ್ಲ. ರಿಸನ್ ಸ್ಟಾರ್‌ನಂಥ ಒಂದೆರಡು ದೊಡ್ಡ ಹೆಸರು ಬಂದವು, ನಿಜ. ಆದರೆ ಅದರ ರಕ್ತ ಉಳಿದದ್ದು ಹೆಣ್ಣುಮಕ್ಕಳಲ್ಲಿ. ಅದರ ಮಗಳು ವೀಕೆಂಡ್ ಸರ್‌ಪ್ರೈಸ್ ಹೆತ್ತದ್ದು ಎ.ಪಿ. ಇಂಡಿಯನ್ನು, ಇನ್ನೊಬ್ಬ ಮಗಳು ಟೆರ್ಲಿಂಗ್ವಾ ಹೆತ್ತದ್ದು ಸ್ಟಾರ್ಮ್ ಕ್ಯಾಟನ್ನು; ಎರಡೂ ದೊಡ್ಡ ಸ್ಟಾಲಿಯನ್ ಆದವು. ಆ ಸ್ಟಾರ್ಮ್ ಕ್ಯಾಟ್‌ನ ಸ್ಟಡ್ ಫೀ, ಅಂದರೆ ಒಂದು ಮೇರ್ ಗಬ್ಬವಾಗಿಸಲು ಕೊಡುವ ದುಡ್ಡು, ಒಂದು ಕಾಲಕ್ಕೆ 5 ಲಕ್ಷ ಡಾಲರ್ ಮುಟ್ಟಿತ್ತು.

ಫ್ರಾಂಕೆಲ್ ಹೆಸರು ಎತ್ತಿದ್ದೀರಿ, 14ಕ್ಕೆ 14 ಗೆಲುವು, ಸ್ಟಾಲಿಯನ್ ಆಗಿಯೂ ಮೇಲೇ ಇದೆ ಅಂತ. ಒಪ್ಪಿದೆ. ಆದರೆ 2013ರಲ್ಲಿ 1,25,000 ಪೌಂಡ್ ಫೀ ಕೊಟ್ಟು ಅದರ ಹತ್ತಿರ ಯಾರ್‍ಯಾರನ್ನು ಕಳಿಸಿದರು ನೋಡಿ: ಫ್ರಾನ್ಸಿನ ದೊಡ್ಡ ರೇಸ್ ಆರ್ಕ್ ಗೆದ್ದ ಡೇನ್‌ಡ್ರೀಮ್‌ನಂಥ ಮೇರ್‌ಗಳು ಸಾಲಿನಲ್ಲಿದ್ದವು. ನಮ್ಮಲ್ಲೇ ಹುಟ್ಟಿ ನಮ್ಮಲ್ಲೇ ಗೆದ್ದ ಕುದುರೆಗೆ ಆ ಭಾಗ್ಯ ಎಲ್ಲಿ? ದೊಡ್ಡ ಫಾರ್ಮಿನವರು ಹೊರದೇಶದಿಂದ ತಂದ ಸ್ಟಾಲಿಯನ್ ಮೇಲೆ ಕೋಟಿ ಹಾಕಿರುತ್ತಾರೆ, ಒಳ್ಳೆಯ ಮೇರ್‌ಗಳು ಅಲ್ಲಿಗೇ ಹೋಗುತ್ತವೆ. ಉಳಿದದ್ದು ನಿಮ್ಮ ಚಾಂಪಿಯನ್‌ಗೆ. ಹುಟ್ಟಿದ ಮರಿ ಓಡದಿದ್ದರೆ 'ಸ್ಟಾಲಿಯನ್ ಫೇಲ್' ಅಂತ ಬೈಗುಳ ಮಾತ್ರ ಅಪ್ಪನಿಗೆ.

ಅಪ್ಪನ ಕೆರಿಯರ್ ಅಳೆಯಲೇಬೇಕು ಅಂದರೆ ಕಪ್ ಎಣಿಸಬೇಡಿ. 1400, 1600 ಮೀಟರಿನಲ್ಲಿ ವೇಗ ತೋರಿಸಿತ್ತಾ, ಅಥವಾ ನಿಧಾನವಾಗಿ ಸಾಗಿದ 2400ರ ರೇಸಿನಲ್ಲಿ ಉಳಿದವು ಸುಸ್ತಾದ ಮೇಲೆ ಗೆದ್ದಿತಾ? ಅದಕ್ಕೆ ಸೋತ ಕುದುರೆಗಳು ಆಮೇಲೆ ಏನಾದರೂ ಗೆದ್ದವಾ? ಸೀಸನ್ ಮೇಲೆ ಸೀಸನ್ ಕಾಲು ಗಟ್ಟಿಯಾಗಿ ವಾಪಸ್ ಬಂತಾ? ನನ್ನನ್ನು ಕೇಳಿದರೆ ಮೂರನೆಯದೇ ದೊಡ್ಡದು.

'ಮೊದಲ ವರ್ಷವೇ ಅಗ್ಗ, ಆಮೇಲೆ ಕೈಗೆ ಸಿಗಲ್ಲ' ಅಂತ ನಿಮ್ಮ ಸ್ನೇಹಿತರು ಅಂದಿದ್ದಾರಲ್ಲ, ಅದು ಮಾರುವವರ ಮಾತು. ಗಬ್ಬ ಹನ್ನೊಂದು ತಿಂಗಳು, ಮರಿ ಎರಡು ವರ್ಷಕ್ಕೇ ಓಟ ಶುರು ಮಾಡಿದರೂ ಅದರ ನಿಜವಾದ ಬಲ ತಿಳಿಯೋಕೆ ಮೂರು ವರ್ಷ ತುಂಬಬೇಕು. ಅಪ್ಪ ಸ್ಟಡ್ ಸೇರಿ ನಾಲ್ಕು ವರ್ಷವಾಗುವವರೆಗೆ ಯಾರಿಗೂ ಖಚಿತವಾಗಿ ಏನೂ ಗೊತ್ತಿರುವುದಿಲ್ಲ. ದುಡ್ಡು ಕೈ ಕಡಿಯುತ್ತಿದ್ದರೆ ಅಪ್ಪ ಯಾವುದೇ ಇರಲಿ, ಒಳ್ಳೆಯ ತಾಯಿಯ ಹೆಣ್ಣು ಮರಿಯಲ್ಲಿ ಪಾಲು ತಗೊಳ್ಳಿ. ಓಡದಿದ್ದರೂ ಅವಳನ್ನು ಮೇರ್ ಆಗಿ ಕೇಳುವವರು ಇರುತ್ತಾರೆ. ಈಗ ನೋಡಿರುವ ಮರಿಯೇ ಬೇಕು ಅಂತ ಹಟ ಇದ್ದರೆ ಅದರ ಕ್ಯಾಟಲಾಗ್ ಪುಟದ ಫೋಟೋ ಇಲ್ಲಿ ಹಾಕಿ, ಕೆಳಗಿನ ಭಾಗ ಕತ್ತರಿಸದೆ.