ನಿಕಾಹ್‌ನಾಮಾದ ಷರತ್ತಿನ ಬಗ್ಗೆ

ಮದುವೆಯ ನಂತರವೂ ಕೆಲಸಕ್ಕೆ ಹೋಗುವ ಷರತ್ತನ್ನು ನಿಕಾಹ್‌ನಾಮಾದಲ್ಲಿ, ಅಂದರೆ ಮುಸ್ಲಿಂ ಮದುವೆಯ ಒಪ್ಪಂದ ಪತ್ರದಲ್ಲಿ, ಬರೆಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಬರೆಸಿ, ತಂಗಿ. ನಿಕಾಹ್ ಒಂದು ಒಪ್ಪಂದ. ಧರ್ಮಕ್ಕೆ ವಿರುದ್ಧವಲ್ಲದ ಷರತ್ತಿಗೆ ಅದರಲ್ಲಿ ಜಾಗವಿದೆ. ಮುಂಬೈನ ಕುರ್ಲಾದಲ್ಲಿ ನನ್ನ ನಿಕಾಹ್ ನಡೆದಾಗ ಷರತ್ತು ಬರೆಯುವ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಲು ಸೋದರಮಾವ ಪೆನ್ನು ಎತ್ತಿದ್ದರು. ಉಡುಪಿಯಿಂದ ಬಂದಿದ್ದ ಅಜ್ಜಿ ಅವರ ಕೈ ಹಿಡಿದು, "ಹುಡುಗಿ ಹೇಳಿದ್ದನ್ನು ಬರೆ" ಎಂದರು. ಅಜ್ಜಿಗೆ ಓದುಬರಹ ಬರುತ್ತಿರಲಿಲ್ಲ!

ಅಗತ್ಯ ಬಿದ್ದರೆ ನೀವೇ ತಲಾಖ್ ಹೇಳುವ ಅಧಿಕಾರವನ್ನೂ, ಅಂದರೆ ತಲಾಖ್-ಎ-ತಫ್ವೀಜ್, ಗಂಡನಿಂದ ಮೊದಲೇ ಬರೆಸಿಕೊಳ್ಳಬಹುದು. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇಲ್ಲವೆಂಬುದು ನನ್ನ ಸಂಕಟ. ಮೆಹರ್, ಅಂದರೆ ಗಂಡ ಹೆಂಡತಿಗೆ ಕೊಡಬೇಕಾದ ವಧುಧನ, ಪೂರ್ತಿ ನಿಮ್ಮದು, ತಂದೆಯದಲ್ಲ. ಕುರ್‌ಆನಿನ ಅನ್ನಿಸಾ ಅಧ್ಯಾಯದ 4ನೇ ವಚನ ನೋಡಿ. ನಿಕಾಹ್‌ನಾಮಾ ಉರ್ದುವಿನಲ್ಲಿದ್ದು ನಿಮಗೆ ಅದು ಬಾರದಿದ್ದರೆ ಸಹಿಗೆ ಮೊದಲು ಪ್ರತಿ ಸಾಲನ್ನೂ ಓದಿಸಿ ಕೇಳಿ. ಒಂದು ಪ್ರತಿ ನಿಮ್ಮ ಬಳಿಯೇ ಇರಲಿ.