ಕರಪತ್ರದಲ್ಲಿ ಒಂದು, ಬಿಲ್ಲಿನಲ್ಲಿ ಇನ್ನೊಂದು

ಮಾನ್ಯರೇ,

ಮಂಡ್ಯದ ಅಶೋಕನಗರದಿಂದ ತಾವು ಬರೆದ ಪತ್ರವೂ ಅದರೊಡನೆ ಇಟ್ಟಿದ್ದ ಬಿಲ್ಲಿನ ನಕಲೂ ಮೈಸೂರಿನ ನಮ್ಮ ಕಚೇರಿಗೆ ತಲುಪಿವೆ. ತಿಂಗಳಿಗೆ 599 ರೂಪಾಯಿ ಎಂದು ಕರಪತ್ರ ಹಂಚಿ ಮನೆಗೆ ಇಂಟರ್ನೆಟ್ ಸಂಪರ್ಕ ಕೊಟ್ಟವರು ಮೊದಲ ತಿಂಗಳೇ 883 ರೂಪಾಯಿ 82 ಪೈಸೆ ಕೇಳಿದ್ದಾರೆಂದೂ, ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕಿದ್ದು ತಮ್ಮದೇ ತಪ್ಪೇ ಎಂದೂ ಕೇಳಿದ್ದೀರಿ. ತಪ್ಪು ತಮ್ಮದಲ್ಲ.

ಬಿಲ್ಲನ್ನು ಮುಂದಿಟ್ಟುಕೊಂಡು ಕೂಡಿ ನೋಡಿದೆವು. ಪ್ಲಾನಿನ 599ಕ್ಕೆ ಮೋಡೆಮ್ ಬಾಡಿಗೆ 100, 'ಇತರೆ ಸೇವಾ ಶುಲ್ಕ' 50 ಸೇರಿ 749 ಆಗಿದೆ. ಅದರ ಮೇಲೆ ಕೇಂದ್ರಕ್ಕೆ 67 ರೂಪಾಯಿ 41 ಪೈಸೆ, ರಾಜ್ಯಕ್ಕೂ ಅಷ್ಟೇ, ಅಂದರೆ ಶೇ 18ರ ಜಿಎಸ್‌ಟಿ. ತೆರಿಗೆಯನ್ನು ಗುಪ್ತ ಶುಲ್ಕ ಎನ್ನಲಾಗದು, ಆದರೆ ತೆರಿಗೆ ಸೇರಿ 706 ರೂಪಾಯಿ 82 ಪೈಸೆ ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಲು ಯಾವ ಅಡ್ಡಿಯೂ ಇರಲಿಲ್ಲ. ಅಂಗಡಿಯ ಸಾಬೂನಿನ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಬೆಲೆ ಇರುತ್ತದೆ. ತಿಂಗಳು ತಿಂಗಳೂ ಕಟ್ಟಬೇಕಾದ ಸೇವೆಗೆ ಅಷ್ಟೂ ಬೇಡವೇ?

ಉಳಿದದ್ದು 177 ರೂಪಾಯಿ, ಅಂದರೆ ಮೋಡೆಮ್ ಬಾಡಿಗೆ, 'ಇತರೆ' ಶುಲ್ಕ ಮತ್ತು ಅವೆರಡರ ಮೇಲಿನ ತೆರಿಗೆ. 'ಮೋಡೆಮ್‌ಗೆ ಏನೂ ಕೊಡೋದು ಬೇಡಮ್ಮ' ಎಂದು ತಂತಿ ಎಳೆಯಲು ಬಂದ ಹುಡುಗ ಹೇಳಿದ್ದನ್ನು ತಾವು ಬರೆದಿದ್ದೀರಿ. 'ಇತರೆ' ಎಂದರೆ ಯಾವ ಸೇವೆ ಎಂಬುದು ಬಿಲ್ಲಿನಲ್ಲಿ ಎಲ್ಲಿಯೂ ಇಲ್ಲ. ಸಾಲಾಗಿ ಬರೆದ ಮಾತ್ರಕ್ಕೆ ಲೆಕ್ಕ ಪಾರದರ್ಶಕವಾಗುವುದಿಲ್ಲ; ಕಟ್ಟಬೇಕಾದ ಪೂರ್ತಿ ಮೊತ್ತ ಸಹಿಗೆ ಮೊದಲೇ ಗ್ರಾಹಕರಿಗೆ ಗೊತ್ತಿರಬೇಕು ಎಂಬುದು ನಮ್ಮ ದೃಢ ಅಭಿಪ್ರಾಯ. ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಇಂಟರ್ನೆಟ್ ಕಂಪನಿಗಳು ಮಾಸಿಕ ದರ, ಒಂದು ಬಾರಿಯ ಶುಲ್ಕ, ನಡುವೆ ಬಿಟ್ಟರೆ ತೆರಬೇಕಾದ ದಂಡ ಇವನ್ನೆಲ್ಲ ಒಂದೇ ಪಟ್ಟಿಯಲ್ಲಿ, ಮಾರಾಟದ ಹೊತ್ತಿಗೇ ತೋರಿಸಬೇಕಾಯಿತು. ನಮ್ಮಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಆನ್‌ಲೈನ್ ಮಾರಾಟದಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಗಳನ್ನು ಹೆಸರಿಸಿದ್ದು, ಬೆಲೆಯ ಒಂದು ಭಾಗವನ್ನು ಮೊದಲು ಮುಚ್ಚಿಟ್ಟು ಆಮೇಲೆ ಸೇರಿಸುವುದೂ ಅವುಗಳಲ್ಲಿ ಒಂದು.

ಈಗ ತಾವು ಮಾಡಬೇಕಾದದ್ದು ಇಷ್ಟು. ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಆ ಸಂಖ್ಯೆ ಇಲ್ಲದಿದ್ದರೆ ಮುಂದಿನ ಹೆಜ್ಜೆ ಕಷ್ಟ. ಉತ್ತರ ಸಮಾಧಾನ ತರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ದೂರವಾಣಿ ಸೇವೆಯ ದೂರುಗಳನ್ನು ಗ್ರಾಹಕ ನ್ಯಾಯಾಲಯಗಳು ವಿಚಾರಿಸುವಂತಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತಳ್ಳಿಹಾಕಿದೆ. ಹಾಗಾಗಿ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತಮಗೆ ತೆರೆದಿದೆ, ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ.

599 ಎಂದು ಅಚ್ಚಾದ ಆ ಕರಪತ್ರವನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ಅದು ತಮ್ಮ ಸಾಕ್ಷ್ಯ. ಕಂಪನಿಯಿಂದ ಬರುವ ಉತ್ತರದ ನಕಲನ್ನು ನಮಗೂ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ