ಸಹಿಸಿಕೊಳ್ಳುವುದೂ ಸಮಾನ ಗೌರವವೂ ಒಂದೇನಾ?

ಸಹನೆ ಇದ್ದರೆ ಸಾಲದೇ, ಸಮಾನ ಗೌರವ ಬೇರೆ ಯಾಕೆ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಸಾಲದು. ಸಹಿಸುವುದು ಅಂದರೆ ಒಪ್ಪದಿದ್ದರೂ, ತಡೆಯುವ ಶಕ್ತಿ ಇದ್ದರೂ ಸುಮ್ನೆ ಬಿಡುವುದು. ಅಲ್ಲಿ ಬಿಡುವವರ ಕೈಯೇ ಮೇಲೆ. 1598ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೇ ಹೆನ್ರಿ ನಾಂಟ್ ಶಾಸನ ಎಂಬ ರಾಜಾಜ್ಞೆಯ ಮೂಲಕ, ಕ್ಯಾಥೊಲಿಕರೇ ಹೆಚ್ಚಿದ್ದ ದೇಶದಲ್ಲಿ ಪ್ರಾಟೆಸ್ಟೆಂಟ್ ಪಂಥದ ಕ್ರೈಸ್ತರಿಗೆ ಪ್ರಾರ್ಥನೆಯ ಅವಕಾಶ ಕೊಟ್ಟ, ಅದೂ ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ. 1685ರಲ್ಲಿ ಅವನ ಮೊಮ್ಮಗ ಹದಿನಾಲ್ಕನೇ ಲೂಯಿ ಅದನ್ನು ರದ್ದು ಮಾಡಿದ. ಲಕ್ಷಕ್ಕೂ ಜಾಸ್ತಿ ಜನ ದೇಶ ಬಿಟ್ಟರು. ದೊರೆ ಕೊಟ್ಟದ್ದನ್ನು ದೊರೆಯೇ ಕಿತ್ತುಕೊಳ್ಳಬಹುದು, ಅಲ್ವಾ?

ಸಮಾನ ಗೌರವ ಹಾಗಲ್ಲ. ನಿಮ್ಮ ನಂಬಿಕೆ ನನಗೆ ತಪ್ಪು ಅನ್ನಿಸಬಹುದು, ವಾದವನ್ನೂ ಮಾಡಬಹುದು. ಆದರೆ ನಿಮ್ಮ ಹಕ್ಕು ನನ್ನ ಒಪ್ಪಿಗೆಗೆ ಕಾಯುವುದಿಲ್ಲ. ಜರ್ಮನ್ ಚಿಂತಕ ರೈನರ್ ಫೋರ್ಸ್ಟ್ ಮೊದಲನೆಯದನ್ನು ಅನುಮತಿಯ ಸಹನೆ, ಎರಡನೆಯದನ್ನು ಗೌರವದ ಸಹನೆ ಎಂದು ಬೇರ್ಪಡಿಸುತ್ತಾರೆ.